ಹಿತ್ತಿಲಿನ ಕಾಯಿಪಲ್ಲೆಯ ತೋಟ: ಹೊಸದಾಗಿ ಪ್ರಾರಂಭಿಸತಕ್ಕವರಿಗೆ ಕೆಲವು ಸೂಚನೆಗಳು

ಮೈಸೂರು, ಮಂಡ್ಯ, ಹಾಸನ, ತುಮಕೂರು, ಕೋಲಾರ ಮೊದಲಾದ ಮೈದಾನ ಸೀಮೆಯ ಜಿಲ್ಲೆಗಳಲ್ಲಿ ವಾರದ ಸಂತೆಗಳನ್ನು ಗಮನಿಸಿ ನೋಡುವವರಿಗೆ ಒಂದು ವಿಚಿತ್ರವು ಕಾಣಬರುವುದು. ಎಕರೆಗಟ್ಟಲೆ ಕಬ್ಬನ್ನೋ ಹಿಪ್ಪುನೇರಳೆಯನ್ನೋ ಬೆಳೆಯತಕ್ಕ ಜಮೀನುದಾರರು ಎರಡು ಕಟ್ಟು ದಂಟಿನಸೊಪ್ಪನ್ನೂ ಒಂದು ಹಿಡಿ ಕೊತ್ತಂಬರಿಯನ್ನೂ ದುಡ್ಡು ಕೊಟ್ಟು ಕೊಂಡು ಮನೆಗೆ ಹಿಂದಿರುಗುವರು. ಆ ಸೊಪ್ಪಾದರೋ ಹಿಂದಿನ ದಿನ ಕೊಯ್ದು, ಬಿಸಿಲಿನಲ್ಲಿ ಬಾಡಿ, ನೀರು ಚಿಮುಕಿಸಿಕೊಂಡು ಬಂದುದಾಗಿರುವುದು. ಇತ್ತ ಅವರ ಮನೆಯ ಹಿಂದೆ ಬಚ್ಚಲ ನೀರು ವ್ಯರ್ಥವಾಗಿ ಹರಿದು ಕೆಸರಾಗಿ ಸೊಳ್ಳೆಗಳಿಗೆ ನೆಲೆಯಾಗಿರುವುದು. ಹಿತ್ತಿಲಿನಲ್ಲಿ ಎಕ್ಕವೂ ಪಾರ್ಥೇನಿಯಮ್ ಕಳೆಯೂ ಆಳೆತ್ತರ ಬೆಳೆದಿರುವುವು. ಹೊಲಗದ್ದೆಗಳಲ್ಲಿ ಬೆಳೆ ತೆಗೆಯುವ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲ ಮನೆತನಗಳು ಮನೆಯ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿರುವ ನೆಲವನ್ನು ಬರಿದೇ ಬಿಟ್ಟಿರುವುದು ಶೋಚನೀಯವಾದ ಸಂಗತಿಯಾಗಿದೆ.

ಇದು ಕೇವಲ ದುಡ್ಡಿನ ಮಾತಾಗಿದ್ದರೆ ಅಷ್ಟಾಗಿ ಹೇಳಬೇಕಾದ ಅವಶ್ಯಕತೆಯಿರಲಿಲ್ಲ. ೨೦೧೯–೨೧ನೆಯ ಸಾಲಿನಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೇಶದ ೧೫ರಿಂದ ೪೯ ವರ್ಷ ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ ೫೭ ಮಂದಿಗೂ, ಆರು ತಿಂಗಳಿಗೆ ಮೇಲ್ಪಟ್ಟು ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ ೬೭ ಮಕ್ಕಳಿಗೂ ರಕ್ತಹೀನತೆಯಿರುವುದಾಗಿ ಕಂಡುಬಂದಿತು. ಇದು ಬಡವರ ಮನೆಗಳಿಗೆ ಮಾತ್ರ ಸೇರಿದ ಕೊರತೆಯಲ್ಲ. ಕಣಜ ತುಂಬಿರುವ ಮನೆಗಳಲ್ಲಿಯೂ ಇದುಂಟು. ಹೊಟ್ಟೆ ತುಂಬ ರಾಗಿಯ ಮುದ್ದೆಯನ್ನೂ ಅನ್ನವನ್ನೂ ಉಣ್ಣುವ ಮನೆಯಲ್ಲಿ ಸೊಪ್ಪು, ಕಾಯಿ, ಹಣ್ಣುಗಳು ಸಾಲದೆ ಹೋಗುವುದು ಅದರ ಕಾರಣಗಳಲ್ಲೊಂದು.

ಮನುಷ್ಯನೊಬ್ಬನಿಗೆ ದಿನವೊಂದಕ್ಕೆ ಹಣ್ಣು ಕಾಯಿಪಲ್ಲೆಗಳೆರಡೂ ಸೇರಿ ೪೦೦ ಗ್ರಾಮಿಗೆ ಕಡಿಮೆಯಿಲ್ಲದಂತೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿರುವರು. ಐದು ಮಂದಿಯಿರುವ ಸಂಸಾರಕ್ಕೆ ಇದು ದಿನಕ್ಕೆ ೨ ಕಿಲೋಗ್ರಾಮ್, ವಾರಕ್ಕೆ ೧೪ ಕಿಲೋಗ್ರಾಮ್ ಆಗುವುದು. ಸಂತೆಯ ಚೀಲದಲ್ಲಿ ಇಷ್ಟು ಬರುವುದು ಅಪರೂಪ. ಬಂದರೂ ಸೊಪ್ಪು ಎರಡು ಮೂರು ದಿವಸಗಳಿಗಿಂತ ಹೆಚ್ಚಾಗಿ ನಿಲ್ಲುವುದಿಲ್ಲ. ಬಾಡಿದಂತೆಲ್ಲಾ ಅದರಲ್ಲಿರುವ ಸತ್ತ್ವವೂ ಕಡಿಮೆಯಾಗುತ್ತ ಹೋಗುವುದು. ಆದುದರಿಂದ ಸಂತೆಯನ್ನೇ ನಂಬಿರುವ ಮನೆಯಲ್ಲಿ ವಾರದ ಅರ್ಧ ದಿವಸಗಳು ಬರೀ ಕಾಳಿನ ಸಾರಿನಲ್ಲಿಯೇ ಕಳೆದುಹೋಗುವುವು. ಈ ಕೊರತೆಯನ್ನು ನೀಗುವುದಕ್ಕೆ ಹಿತ್ತಿಲಿನ ತೋಟಕ್ಕಿಂತ ಸುಲಭವಾದ ಉಪಾಯವು ಮತ್ತೊಂದಿಲ್ಲ.

ಆದರೆ ಹಿತ್ತಿಲಿನ ತೋಟಗಳನ್ನು ಪ್ರಾರಂಭಿಸಿದವರೆಲ್ಲರೂ ಅದನ್ನು ಮುಂದುವರಿಸಿಕೊಂಡು ಬಂದಿರುವರೆಂದು ಹೇಳುವಂತಿಲ್ಲ. ಮೊದಲನೆಯ ಮಳೆಗೆ ಉತ್ಸಾಹದಿಂದ ನಾಲ್ಕಾರು ಗುಂಟೆಯನ್ನು ಅಗೆದು, ತಂದ ಬೀಜವನ್ನೆಲ್ಲಾ ಒಂದೇ ದಿವಸ ಚೆಲ್ಲಿ, ಒಂದು ತಿಂಗಳು ಮನೆಯವರು ತಿಂದು ಮುಗಿಸಲಾರದಷ್ಟು ಸೊಪ್ಪನ್ನು ಕೊಯ್ದು, ಬೇಸಿಗೆ ಬರುವ ವೇಳೆಗೆ ನೀರೆರೆಯಲಾರದೆ ಕೈಬಿಡುವುದು ಸಾಮಾನ್ಯವಾಗಿ ನಡೆಯತಕ್ಕ ಸಂಗತಿ. ದೊಡ್ಡದಾಗಿ ಪ್ರಾರಂಭಿಸಿ ಕೈಬಿಟ್ಟ ತೋಟಕ್ಕಿಂತ, ಚಿಕ್ಕದಾಗಿದ್ದು ವರ್ಷದ ಹನ್ನೆರಡು ತಿಂಗಳೂ ಬರಿದಾಗದಿರುವ ತೋಟವೇ ಮೇಲು. ಮುಂದೆ ಹೇಳಿರುವ ಸೂಚನೆಗಳೆಲ್ಲವೂ ಈ ಒಂದು ತತ್ತ್ವವನ್ನು ಅನುಸರಿಸಿರುವುವು.

ಸ್ಥಳದ ಆಯ್ಕೆ

ತೋಟವು ಅಡಿಗೆಮನೆಗೆ ಹತ್ತಿರದಲ್ಲಿರಬೇಕಾದುದು ಮೊದಲನೆಯ ನಿಯಮ. ಊರ ಹೊರಗಿನ ಹೊಲದಲ್ಲಿ ಎಷ್ಟೇ ಒಳ್ಳೆಯ ನೆಲವಿದ್ದರೂ ಪ್ರಯೋಜನವಿಲ್ಲ. ಏಕೆಂದರೆ ಒಲೆಯ ಮೇಲೆ ಎಸರಿಟ್ಟು ಹೋಗಿ ನಾಲ್ಕು ಎಲೆಗಳನ್ನು ಕಿತ್ತು ತರುವುದಕ್ಕೆ ಅನುಕೂಲವಾಗಿರುವುದೇ ಹಿತ್ತಿಲಿನ ತೋಟದ ಗುಣ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳುವ ಗಿಡಕ್ಕೆ ಹುಳು ಬಿದ್ದರೂ ಒಡನೆಯೇ ತಿಳಿಯುವುದು.

ದಿನಕ್ಕೆ ಆರು ಗಂಟೆಗಳ ಕಾಲವಾದರೂ ಬಿಸಿಲು ಬೀಳುವ ಜಾಗವು ಬದನೆ, ಬೆಂಡೆ, ಟೊಮ್ಯಾಟೊ ಮುಂತಾದ ಕಾಯಿ ಬಿಡುವ ಗಿಡಗಳಿಗೆ ಅವಶ್ಯಕ. ಸೊಪ್ಪುಗಳು ಇದಕ್ಕೆ ಸ್ವಲ್ಪ ಕಡಿಮೆಯ ಬಿಸಿಲಿನಲ್ಲಿಯೂ ಬರುವುವು. ಹುಣಿಸೆ, ಹಲಸು, ನೀಲಗಿರಿ ಮುಂತಾದ ದೊಡ್ಡ ಮರಗಳ ಬುಡಕ್ಕೆ ಸಮೀಪವಾಗಿ ತೋಟವನ್ನು ಮಾಡಕೂಡದು; ನೆರಳು ಒಂದು ತೊಂದರೆಯಾದರೆ, ಹಾಕಿದ ಗೊಬ್ಬರ ನೀರುಗಳನ್ನು ಮರದ ಬೇರುಗಳು ಹೀರಿಕೊಳ್ಳುವುದು ಮತ್ತೊಂದು ತೊಂದರೆ. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಜಾಗವೂ ಸರಿಯಲ್ಲ.

ಬೇಲಿಯಿಲ್ಲದ ತೋಟವು ಕೋಳಿಗಳಿಗೂ ಮೇಕೆಗಳಿಗೂ ಬೆಳೆದ ತೋಟವೇ ಸರಿ. ಬೀಜ ಬಿತ್ತುವುದಕ್ಕೆ ಮುಂಚೆಯೇ ಬೇಲಿಯನ್ನು ಕಟ್ಟಿ ಮುಗಿಸತಕ್ಕದ್ದು. ಮೊದಲನೆಯ ವರ್ಷ ಮುಳ್ಳಿನ ಬೇಲಿಯು ಸಾಕು. ಅದರ ಒಳಮಗ್ಗುಲಿಗೆ ಲಕ್ಕಿಯ ಕಡ್ಡಿಗಳನ್ನೋ ಗ್ಲಿರಿಸೀಡಿಯದ ಗೂಟಗಳನ್ನೋ ಒತ್ತಾಗಿ ನೆಟ್ಟರೆ ಕೆಲವು ಕಾಲದಲ್ಲಿ ಅದೇ ಹಸುರು ಬೇಲಿಯಾಗಿ, ಸವರಿದ ಸೊಪ್ಪು ಗೊಬ್ಬರಕ್ಕೂ ಒದಗುವುದು.

ತೋಟದ ವಿಸ್ತಾರ

ಐದು ಮಂದಿಯ ಸಂಸಾರಕ್ಕೆ ವರ್ಷವೆಲ್ಲಾ ಕಾಯಿಪಲ್ಲೆ ಒದಗಬೇಕಾದರೆ ಸುಮಾರು ಎರಡೂವರೆ ಗುಂಟೆ ನೆಲ ಬೇಕೆಂದು ತೋಟಗಾರಿಕೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಳಿರುವುದು. ಹೊಸದಾಗಿ ಪ್ರಾರಂಭಿಸತಕ್ಕವರು ಅಲ್ಲಿಂದ ಮೊದಲು ಮಾಡಕೂಡದು. ಅವರಿಗೆ ೨೧ ಅಡಿ ಅಗಲ, ೧೫ ಅಡಿ ಉದ್ದವಾದ ನೆಲವು ಧಾರಾಳವಾಗಿ ಸಾಕು. ಇದು ಒಂದು ಗುಂಟೆಯ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ.

ಈ ನೆಲದಲ್ಲಿ ೪ ಅಡಿ ಅಗಲ, ೧೫ ಅಡಿ ಉದ್ದದ ನಾಲ್ಕು ಮಡಿಗಳನ್ನು ಮಾಡಿ, ಉಳಿದ ೫ ಅಡಿಗಳನ್ನು ಮೂರು ಕಾಲುದಾರಿಗಳಾಗಿ ಬಿಡಬೇಕು. ಮಡಿಯ ಅಗಲವು ೪ ಅಡಿಗಿಂತ ಹೆಚ್ಚಾಗಕೂಡದು. ಎರಡು ಮಗ್ಗುಲುಗಳಿಂದಲೂ ಕೈಚಾಚಿದರೆ ನಡುವಿನ ಗಿಡವು ಸಿಕ್ಕುವಂತಿರಬೇಕು. ಒಂದು ಸಲ ಅಗೆದು ಸಡಿಲ ಮಾಡಿದ ಮಡಿಯ ಮೇಲೆ ಕಾಲಿಡುವ ಪದ್ಧತಿಯೇ ಇರಕೂಡದು. ತುಳಿದ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿಯೂ ನೀರೂ ಸೇರದೆ ಗಿಡಗಳು ಸೊರಗುವುವು. ಮಳೆಗಾಲದಲ್ಲಿಯೂ ಎರೆಭೂಮಿಯಲ್ಲಿಯೂ ಮಡಿಗಳನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರವಾಗಿಯೂ, ಬೇಸಿಗೆಯಲ್ಲಿ ನೀರು ನಿಲ್ಲುವಂತೆ ಸ್ವಲ್ಪ ತಗ್ಗಾಗಿಯೂ ಮಾಡುವುದು ಉಚಿತ.

ನೆಲದ ಹದವೂ ಗೊಬ್ಬರವೂ

ಬಿತ್ತನೆಗೆ ಮೂರು ವಾರ ಮುಂಚಿತವಾಗಿ ಒಂದು ಅಡಿ ಆಳ ಅಗೆದು, ಕಲ್ಲು, ಗರಿಕೆಯ ಬೇರು, ಜೇಕಿನ ಗೆಡ್ಡೆಗಳನ್ನು ಆರಿಸಿ ಹಾಕಿ, ಹೆಂಟೆಗಳನ್ನು ಬಿಸಿಲಿಗೆ ಬಿಡಬೇಕು. ಗರಿಕೆಯನ್ನೂ ಜೇಕನ್ನೂ ಈಗ ಆರಿಸದಿದ್ದರೆ ವರ್ಷವೆಲ್ಲಾ ಕಳೆ ಕೀಳುವ ಕೆಲಸ ತಪ್ಪದು. ಎರಡನೆಯ ಸಲ ಅಗೆಯುವಾಗ ಮಡಿಯೊಂದಕ್ಕೆ ಸುಮಾರು ೧೫ ಕಿಲೋಗ್ರಾಮ್‌ನಷ್ಟು, ಎಂದರೆ ಒಂದು ಮಂಕರಿ ತುಂಬ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿನಲ್ಲಿ ಬೆರಸಬೇಕು. ಈ ಸೀಮೆಯ ಕೆಮ್ಮಣ್ಣು ಮಳೆ ಬಿದ್ದು ಒಣಗಿದೊಡನೆ ಮೇಲೆ ಹೆಪ್ಪುಗಟ್ಟುವ ಸ್ವಭಾವವುಳ್ಳದ್ದು. ಗೊಬ್ಬರವು ಗಿಡಕ್ಕೆ ಆಹಾರವಾಗುವುದಲ್ಲದೆ ಈ ಹೆಪ್ಪನ್ನೂ ತಡೆಯುವುದು.

ಗೊಬ್ಬರವು ಕಳಿತಿರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ. ಹಸಿ ಸಗಣಿಯನ್ನು ಹಾಕಿದರೆ ಅದರೊಡನೆ ಗೊಣ್ಣೆಹುಳುಗಳೂ ಕಳೆಯ ಬೀಜಗಳೂ ಮಡಿಗೆ ಬರುವುವು; ಎಳೆಯ ಬೇರುಗಳೂ ಸುಟ್ಟುಹೋಗುವುವು. ಕೈಯಲ್ಲಿ ಹಿಡಿದರೆ ಪುಡಿಯಾಗಿ, ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುವುದೇ ಕಳಿತ ಗೊಬ್ಬರದ ಗುರುತು.

ಮನೆಯ ಕಸವನ್ನು ಗೊಬ್ಬರ ಮಾಡುವುದಕ್ಕೆ ದೂರ ಹೋಗಬೇಕಾಗಿಲ್ಲ. ಡಾಕ್ಟರ್ ಸಿ. ಎನ್. ಆಚಾರ್ಯರವರು ೧೯೩೯ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ಕ್ರಮವು ‘ಬೆಂಗಳೂರು ಪದ್ಧತಿ’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮೂರು ಅಡಿ ಆಳದ ಗುಳಿಯನ್ನು ತೋಡಿ, ಕಸಕಡ್ಡಿ ಸೊಪ್ಪುಸದೆಗಳನ್ನು ಅರ್ಧ ಅಡಿಯಷ್ಟು ಹರಡಿ, ಅದರ ಮೇಲೆ ಸಗಣಿಯ ಬಗ್ಗಡವನ್ನು ಎರೆದು, ಹೀಗೆಯೇ ಪದರ ಪದರವಾಗಿ ನೆಲಕ್ಕಿಂತ ಸ್ವಲ್ಪ ಮೇಲಕ್ಕೆ ತುಂಬಿ, ಕೊನೆಗೆ ಮಣ್ಣಿನಿಂದ ಮೆತ್ತಿಬಿಡುವುದು ಇದರ ಸಾರಾಂಶ. ನಡುವೆ ತಿರುವಿಹಾಕುವ ಶ್ರಮವಿಲ್ಲ. ಗುಳಿಯು ಮುಚ್ಚಿರುವುದರಿಂದ ನೊಣದ ಕಾಟವೂ ಕಡಿಮೆ. ಎಂಟೊಂಬತ್ತು ತಿಂಗಳಿಗೆ ಗೊಬ್ಬರವು ಸಿದ್ಧವಾಗುವುದು. ಎರಡು ಗುಳಿಗಳಿದ್ದರೆ ಒಂದು ತುಂಬುತ್ತಿರುವಾಗ ಮತ್ತೊಂದು ಕಳಿಯುತ್ತಿರುವುದು.

ಪ್ರಾರಂಭಿಸತಕ್ಕ ಕಾಲ

ಹೊಸಬರಿಗೆ ಮೈದಾನ ಸೀಮೆಯಲ್ಲಿ ಅತ್ಯಂತ ಅನುಕೂಲವಾದ ಕಾಲವು ಉತ್ತರೆ ಮತ್ತು ಹಸ್ತ ಮಳೆಗಳ ಕಾಲ, ಎಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ಮಘೆ ಹುಬ್ಬೆಗಳಲ್ಲಿ ನೆಲವನ್ನು ಅಗೆದಿಟ್ಟುಕೊಂಡರೆ ಈ ಮಳೆಗಳಿಗೆ ಬಿತ್ತಬಹುದು. ಮುಂದೆ ನಾಲ್ಕು ತಿಂಗಳು ತಂಪಾದ ಹವೆ ಸಿಕ್ಕುವುದು. ಜಡಿಮಳೆಯಿಂದ ಸಸಿಗಳು ಕೊಳೆಯುವ ಭಯವೂ ಬೇಸಿಗೆಯ ಝಳವೂ ಇರುವುದಿಲ್ಲ. ಒಂದು ಬೆಳೆಯನ್ನು ಕಂಡು ಕೈ ಪಳಗಿದವರು ಮುಂದಿನ ಮೃಗಶಿರ ಆರಿದ್ರಾ ಮಳೆಗಳಿಗೆ, ಎಂದರೆ ಜೂನ್ ತಿಂಗಳಿಗೆ, ಎರಡನೆಯ ಬಿತ್ತನೆಯನ್ನು ಧೈರ್ಯವಾಗಿ ಮಾಡಬಹುದು.

ನಾಲ್ಕು ಮಡಿಗಳಲ್ಲಿ ಬೆಳೆಯತಕ್ಕ ಬೆಳೆಗಳು

ಮೊದಲನೆಯ ಮಡಿಯು ಸೊಪ್ಪುಗಳಿಗೆ ಮೀಸಲಾಗಿರಲಿ. ಇದನ್ನು ಉದ್ದಕ್ಕೆ ಮೂರು ಮೂರು ಅಡಿಯ ಐದು ಪಾಲುಗಳಾಗಿ ವಿಂಗಡಿಸಿ, ಹತ್ತು ದಿವಸಕ್ಕೊಂದು ಪಾಲಿನಂತೆ ದಂಟು, ಮೆಂತ್ಯ, ಕೊತ್ತಂಬರಿಗಳನ್ನು ಬಿತ್ತುತ್ತ ಬರಬೇಕು. ದಂಟೂ ಮೆಂತ್ಯವೂ ನಾಲ್ಕು ವಾರಗಳಲ್ಲಿಯೂ, ಕೊತ್ತಂಬರಿಯು ಆರು ವಾರಗಳಲ್ಲಿಯೂ ಕೊಯ್ಲಿಗೆ ಬರುವುದರಿಂದ, ಐದನೆಯ ಪಾಲನ್ನು ಬಿತ್ತಿದ ಸ್ವಲ್ಪ ದಿನಗಳಲ್ಲಿಯೇ ಮೊದಲನೆಯ ಪಾಲು ತೆರವಾಗಿ ಮರಳಿ ಬಿತ್ತುವುದಕ್ಕೆ ಸಿದ್ಧವಾಗಿರುವುದು. ಮನೆಯಲ್ಲಿ ಸೊಪ್ಪು ಒಂದು ದಿವಸ ರಾಶಿಯಾಗಿ ಬಿದ್ದು ಮರುವಾರ ಇಲ್ಲದಂತಾಗುವ ತೊಂದರೆಯನ್ನು ಈ ಒಂದು ಏರ್ಪಾಡೇ ತಪ್ಪಿಸುವುದು. ದಂಟಿನ ಬೀಜವು ಬಹಳ ಸಣ್ಣದಾದುದರಿಂದ ನಾಲ್ಕರಷ್ಟು ಮರಳಿನೊಡನೆ ಬೆರಸಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಆಳವಾಗಿ ಹೂತ ಸಣ್ಣ ಬೀಜವು ಮೊಳೆತರೂ ಮೇಲಕ್ಕೆ ಬರಲಾರದೆ ಸಾಯುವುದು. ‘ಬೀಜ ಕೆಟ್ಟದ್ದು’ ಎಂಬ ದೂರಿಗೆ ಅನೇಕ ವೇಳೆ ಇದೇ ಕಾರಣ. ಬೀಜದ ದಪ್ಪದ ಎರಡು ಮೂರರಷ್ಟು ಆಳವೇ ಯಾವ ಬೀಜಕ್ಕಾದರೂ ತಕ್ಕ ಆಳ. ಮೆಂತ್ಯವನ್ನು ಒಂದು ರಾತ್ರಿ ನೆನೆಹಾಕಿಯೂ, ಕೊತ್ತಂಬರಿಯ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿಯೂ ಬಿತ್ತತಕ್ಕದ್ದು.

ಎರಡನೆಯ ಮಡಿಯಲ್ಲಿ ಅರ್ಧಕ್ಕೆ ಮೂಲಂಗಿಯನ್ನೂ ಅರ್ಧಕ್ಕೆ ಹುರುಳಿಕಾಯಿಯನ್ನೂ ಹಾಕಬಹುದು. ಮೂಲಂಗಿಯನ್ನು ಇದ್ದಲ್ಲಿಯೇ ಬಿತ್ತಬೇಕೇ ಹೊರತು ಕಿತ್ತು ನೆಡಕೂಡದು. ಒತ್ತಾಗಿ ಹುಟ್ಟಿದ ಸಸಿಗಳನ್ನು ನಾಲ್ಕು ಅಂಗುಲಕ್ಕೊಂದರಂತೆ ಬಿಟ್ಟು ಮಿಕ್ಕವನ್ನು ಕಿತ್ತು ಸೊಪ್ಪಾಗಿ ಉಪಯೋಗಿಸಬಹುದು. ಹುಟ್ಟಿದ ಸಸಿಯನ್ನು ಕೀಳುವುದಕ್ಕೆ ಮನಸ್ಸು ಬಾರದೆ ಹಾಗೆಯೇ ಬಿಟ್ಟವರಿಗೆ ಗೆಡ್ಡೆಯ ಬದಲು ಬರೀ ಎಲೆ ಸಿಕ್ಕುವುದು. ಹುರುಳಿಕಾಯಿ, ಅಲಸಂದೆ, ಅವರೆಗಳು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿಯತಕ್ಕ ಜಾತಿಯಾದುದರಿಂದ, ಅವುಗಳ ಬೇರನ್ನು ಕೀಳದೆ ಬುಡದಲ್ಲಿ ಕೊಯ್ದು ಮಣ್ಣಿನಲ್ಲಿಯೇ ಬಿಡುವುದು ನೆಲಕ್ಕೆ ಹಿತ.

ಮೂರನೆಯ ಮಡಿಯಲ್ಲಿ ಎರಡು ಸಾಲು ಮಾಡಿ, ಎರಡೆರಡು ಅಡಿಗೊಂದರಂತೆ ಆರು ಬದನೆ, ನಾಲ್ಕು ಟೊಮ್ಯಾಟೊ, ಒಂದೂವರೆ ಅಡಿಗೊಂದರಂತೆ ಆರು ಮೆಣಸಿನ ಗಿಡಗಳನ್ನು ನೆಟ್ಟರೆ ಮಡಿಯು ತುಂಬುವುದು. ಇಷ್ಟು ಕಡಿಮೆ ಗಿಡಗಳೇ ಎಂದು ಹೊಸಬರಿಗೆ ತೋರಬಹುದು. ಆದರೆ ಚೆನ್ನಾಗಿ ನೋಡಿಕೊಂಡ ಬದನೆಯ ಗಿಡವು ತಿಂಗಳುಗಟ್ಟಲೆ ಕಾಯಿ ಕೊಡತಕ್ಕದ್ದು.

ನಾಲ್ಕನೆಯ ಮಡಿಯಲ್ಲಿ ಒಂದೂವರೆ ಅಡಿಗೊಂದು ಸಾಲು, ಸಾಲಿನಲ್ಲಿ ಅಡಿಗೊಂದು ಗಿಡದಂತೆ ಸುಮಾರು ೪೦ ಬೆಂಡೆಯ ಗಿಡಗಳು ಹಿಡಿಯುವುವು. ಬೆಂಡೆಯು ಏಳು ವಾರಗಳಲ್ಲಿ ಕಾಯಿಗೆ ಬರುವುದು. ಆಮೇಲೆ ದಿನ ಬಿಟ್ಟು ದಿನ ಎಳೆಯ ಕಾಯಿಯನ್ನು ಕೊಯ್ಯುತ್ತಲೇ ಇರಬೇಕು. ಒಂದೆರಡು ಕಾಯಿಗಳು ಗಿಡದಲ್ಲಿಯೇ ಬಲಿತರೂ ಗಿಡವು ತನ್ನ ಕೆಲಸ ಮುಗಿಯಿತೆಂಬಂತೆ ಹೂ ಬಿಡುವುದನ್ನು ಕಡಿಮೆ ಮಾಡುವುದು.

ಒಂದು ಬೆಳೆ ಮುಗಿದ ಮೇಲೆ ಅದೇ ಮಡಿಯಲ್ಲಿ ಅದೇ ಜಾತಿಯನ್ನು ಹಾಕಕೂಡದು. ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳು ಒಂದೇ ಕುಲಕ್ಕೆ ಸೇರಿದುವು. ಒಂದರ ಸೊರಗು ರೋಗವು ಮಣ್ಣಿನಲ್ಲುಳಿದು ಮತ್ತೊಂದಕ್ಕೆ ಅಂಟುವುದುಂಟು. ಆದುದರಿಂದ ಮೂರನೆಯ ಮಡಿಯ ಬೆಳೆಗಳು ಮುಂದಿನ ಸಲ ಎರಡನೆಯದಕ್ಕೂ, ಎರಡನೆಯದರ ಕಾಳಿನ ಜಾತಿಗಳು ನಾಲ್ಕನೆಯದಕ್ಕೂ, ಹೀಗೆ ಸುತ್ತಿಬರುವಂತೆ ಏರ್ಪಡಿಸತಕ್ಕದ್ದು.

ಸಸಿಗಳನ್ನು ಎಬ್ಬಿಸುವುದು

ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳನ್ನು ಮೊದಲು ಒಟ್ಟಲಿನಲ್ಲಿ ಎಬ್ಬಿಸಿ ಆಮೇಲೆ ನೆಡಬೇಕು. ಇದಕ್ಕೆ ಅರ್ಧ ಅಡಿ ಎತ್ತರವಾದ ಸಣ್ಣ ಮಡಿಯಾಗಲಿ, ತಳದಲ್ಲಿ ತೂತಿರುವ ಹಳೆಯ ಬೋಗುಣಿಯಾಗಲಿ ಸಾಕು. ಬೀಜವನ್ನು ತೆಳುವಾಗಿ ಸಾಲಿನಲ್ಲಿ ಬಿತ್ತಿ, ಮೊಳಕೆ ಕಾಣುವವರೆಗೆ ಹುಲ್ಲು ಮುಚ್ಚಿ, ಕಂಡೊಡನೆಯೇ ಹುಲ್ಲನ್ನು ತೆಗೆಯಬೇಕು. ಒತ್ತಾಗಿ ಬಿತ್ತಿ ಹೊತ್ತುಹೊತ್ತಿಗೂ ನೀರು ಹಾಕಿದರೆ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುವುವು. ಟೊಮ್ಯಾಟೊ ಸಸಿಯು ೨೫ ದಿವಸಗಳಿಗೂ, ಬದನೆಯು ೩೦ರಿಂದ ೩೫ ದಿವಸಗಳಿಗೂ, ಮೆಣಸಿನಕಾಯಿಯು ೪೦ ದಿವಸಗಳಿಗೂ ನೆಡುವುದಕ್ಕೆ ಬರುವುದು. ಸಂಜೆಯ ಹೊತ್ತಿನಲ್ಲಿ ನೆಟ್ಟು, ಮೂರು ದಿವಸ ಸೊಪ್ಪಿನ ನೆರಳು ಮಾಡುವುದು ಒಳ್ಳೆಯದು.

ನೀರು

ಒಣಹವೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು ೫ ಲೀಟರ್ ನೀರು ಬೇಕಾಗುವುದು. ನಾಲ್ಕು ಮಡಿಗಳೂ ಸೇರಿ ೨೪೦ ಚದರ ಅಡಿ, ಎಂದರೆ ಸುಮಾರು ೨೨ ಚದರ ಮೀಟರ್ ಆಗುವುದರಿಂದ ಒಟ್ಟು ೧೧೦ ಲೀಟರ್ ಬೇಕು. ಇದು ೧೫ ಲೀಟರ್ ಹಿಡಿಯುವ ಏಳೆಂಟು ಕೊಡಗಳಷ್ಟು. ಐದು ಮಂದಿಯ ಮನೆಯ ಸ್ನಾನದ ನೀರೂ ಪಾತ್ರೆ ತೊಳೆದ ನೀರೂ ಸೇರಿದರೆ ಸಾಮಾನ್ಯವಾಗಿ ಇದಕ್ಕೆ ಕಡಿಮೆಯಾಗುವುದಿಲ್ಲ. ಆದರೆ ಬಚ್ಚಲ ನೀರನ್ನು ನೇರವಾಗಿ ಸೊಪ್ಪಿನ ಮೇಲೆಯೂ ಹಸಿಯಾಗಿ ತಿನ್ನತಕ್ಕ ಗೆಡ್ಡೆಗಳಿಗೂ ಹಾಯಿಸಕೂಡದು. ಅದನ್ನು ಮರಳು ಜಲ್ಲಿ ತುಂಬಿದ ಗುಳಿಯೊಂದರ ಮೂಲಕ ಹಾಯಿಸಿ, ಬಾಳೆ, ಪರಂಗಿ, ನುಗ್ಗೆ, ಚಪ್ಪರದ ಬಳ್ಳಿಗಳ ಬುಡಕ್ಕೆ ಬಿಟ್ಟು, ಸೊಪ್ಪಿನ ಮಡಿಗಳಿಗೆ ಶುದ್ಧವಾದ ನೀರನ್ನೇ ಉಪಯೋಗಿಸತಕ್ಕದ್ದು.

ಹೊತ್ತು ಗೊತ್ತಿಲ್ಲದೆ ನೀರು ಸುರಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ಬೆರಳನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಇಳಿಸಿ ನೋಡಿದಾಗ ತೇವವಿದ್ದರೆ ಆ ದಿವಸ ನೀರು ಬೇಕಾಗಿಲ್ಲ. ದಿನವೂ ಮೇಲ್ಮೇಲೆ ಚಿಮುಕಿಸುವುದಕ್ಕಿಂತ ದಿನ ಬಿಟ್ಟು ದಿನ ಬೇರಿಗೆ ಇಳಿಯುವಂತೆ ಎರೆಯುವುದು ಮೇಲು. ಗಿಡಗಳ ಬುಡಕ್ಕೆ ರಾಗಿಯ ಹುಲ್ಲನ್ನೋ ಒಣಗಿದ ತರಗನ್ನೋ ಎರಡು ಅಂಗುಲ ದಪ್ಪ ಹರಡಿದರೆ ನೆಲದ ತೇವವು ಆರದೆ ಉಳಿಯುವುದು, ಕಳೆಯೂ ಕಡಿಮೆಯಾಗುವುದು.

ಬೇಸಿಗೆಯಲ್ಲಿ ನಾಲ್ಕು ಮಡಿಗಳನ್ನೂ ನಡೆಸಲಾಗದಿದ್ದರೆ ಎರಡನ್ನು ಮಾತ್ರ ಇಟ್ಟುಕೊಂಡು, ಬಿಸಿಲನ್ನು ತಡೆಯತಕ್ಕ ಬೆಂಡೆ, ಗೋರಿಕಾಯಿ, ದಂಟುಗಳನ್ನು ಬೆಳೆಯಬೇಕು. ಉಳಿದೆರಡು ಮಡಿಗಳನ್ನು ಹುಲ್ಲು ಹೊದಿಸಿ ಬಿಡಬಹುದು. ಕೊತ್ತಂಬರಿಯು ಈ ಕಾಲದಲ್ಲಿ ಎಲೆ ಬಿಡುವುದಕ್ಕೆ ಮುಂಚೆಯೇ ಹೂವಿಗೆ ಹೋಗುವುದು, ಅದಕ್ಕಾಗಿ ಶ್ರಮಪಡಬೇಕಾಗಿಲ್ಲ.

ಬೇಲಿಯ ಮಗ್ಗುಲ ಬಳ್ಳಿಗಳೂ ಗಿಡಗಳೂ

ಮಡಿಗಳ ಹೊರಗೆ ಬೇಲಿಯ ಮಗ್ಗುಲಿಗೆ ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ಬಳಿ ನಾಲ್ಕು ಬಸಳೆಯ ಕಡ್ಡಿ, ಒಂದು ಚಪ್ಪರಕ್ಕೆ ಹೀರೆ ಅಥವಾ ಸೋರೆ ಇಷ್ಟಿರಲಿ. ನುಗ್ಗೆಯು ಮೂರು ಅಡಿ ಉದ್ದದ ಬಲಿತ ಕೊಂಬೆಯನ್ನು ನೆಟ್ಟರೆ ಚಿಗುರುವುದು. ಇದರ ಸೊಪ್ಪು ಕಬ್ಬಿಣಾಂಶಕ್ಕೂ, ಕಣ್ಣಿನ ದೃಷ್ಟಿಗೆ ಅವಶ್ಯಕವಾದ ಎ ಜೀವಸತ್ತ್ವಕ್ಕೂ ಪ್ರಸಿದ್ಧವಾದುದು. ಎತ್ತರದ ಕೊಂಬೆಗಳನ್ನು ವರ್ಷಕ್ಕೊಂದು ಸಲ ಸವರಿದರೆ ಸೊಪ್ಪು ಕೈಗೆ ಸಿಕ್ಕುವುದು.

ಹೀರೆ, ಸೋರೆ, ಕುಂಬಳ, ಹಾಗಲ ಬಳ್ಳಿಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾಗಿರುವುವು. ಮೊದಲು ಬರತಕ್ಕವು ಸಾಮಾನ್ಯವಾಗಿ ಗಂಡು ಹೂವುಗಳು. ಅವು ಅರಳಿ ಉದುರುವುದು ಸ್ವಾಭಾವಿಕ. ಇದನ್ನು ರೋಗವೆಂದು ತಿಳಿದು ಬಳ್ಳಿಯನ್ನೇ ಕಿತ್ತು ಹಾಕಿದವರುಂಟು. ಹೂವಿನ ಕೆಳಗೆ ಎಳೆಯ ಪೀಚಿದ್ದರೆ ಅದು ಹೆಣ್ಣು ಹೂವು. ಪೀಚುಗಳೂ ಹಳದಿಯಾಗಿ ಉದುರುತ್ತಿದ್ದರೆ ಪರಾಗವು ಮುಟ್ಟಲಿಲ್ಲವೆಂದು ತಿಳಿದು, ಕುಂಬಳವಾದರೆ ಬೆಳಗಿನ ಜಾವದಲ್ಲಿಯೂ ಹೀರೆ ಸೋರೆಗಳಾದರೆ ಸಂಜೆಯಲ್ಲಿಯೂ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವಣ ಭಾಗಕ್ಕೆ ಮೆಲ್ಲಗೆ ಸವರಬೇಕು.

ನಾಟಿ ಚಪ್ಪರದವರೆಯ ಸ್ವಭಾವವನ್ನೂ ಹೊಸಬರು ತಿಳಿದಿರತಕ್ಕದ್ದು. ಹಗಲು ಚಿಕ್ಕದಾಗುವ ಕಾಲದಲ್ಲಿ ಮಾತ್ರ ಇದು ಹೂ ಬಿಡುವುದು. ಸಂಕ್ರಾಂತಿಯ ಮೇಲೆ ಬಿತ್ತಿದರೆ ಚಪ್ಪರ ತುಂಬ ಬಳ್ಳಿ ಹಬ್ಬಿದರೂ ಮುಂದಿನ ಹಿಂಗಾರಿನವರೆಗೂ ಕಾಯಿ ಕಾಣದು. ಜುಲೈ ಆಗಸ್ಟ್ ತಿಂಗಳುಗಳೇ ಇದರ ಬಿತ್ತನೆಯ ಕಾಲ. ಎಲ್ಲ ಕಾಲದಲ್ಲಿಯೂ ಅವರೆ ಬೇಕೆನ್ನುವವರು ಬೆಂಗಳೂರಿಗೆ ಸಮೀಪದ ಹೆಸರಘಟ್ಟದಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದಿರುವ ‘ಅರ್ಕ ಜಯ್’ ಎಂಬ ಗಿಡ್ಡ ಜಾತಿಯನ್ನು ಬಿತ್ತಬಹುದು. ಮೇಲಿಂದ ಮೇಲೆ ಕೊಯ್ಯಬಹುದಾದ ‘ಅರ್ಕ ಸುಗುಣ’ ದಂಟೂ, ಹಳದಿ ನರದ ರೋಗವನ್ನು ತಡೆಯಲೆಂದು ಹೊರತಂದ ‘ಅರ್ಕ ಅನಾಮಿಕ’ ಬೆಂಡೆಯೂ ಅದೇ ಸಂಸ್ಥೆಯವು.

ಕ್ರಿಮಿಕೀಟಗಳು

ಹೊಲದ ಬೆಳೆಗೆಂದು ತಂದ ವಿಷದ ಔಷಧಿಯ ಉಳಿಕೆಯನ್ನು ಹಿತ್ತಿಲಿನ ಗಿಡಗಳಿಗೆ ಸಿಂಪಡಿಸುವ ಪದ್ಧತಿಯು ಅತ್ಯಂತ ಅಪಾಯಕರವಾದುದು. ಹೊಲದ ಬೆಳೆಗೆ ಸಿಂಪಡಿಸಿ ದಿನಗಟ್ಟಲೆ ಕಾದು ಕೊಯ್ಯಬಹುದು. ಹಿತ್ತಿಲಿನ ಸೊಪ್ಪಾದರೋ ಸಂಜೆಯೇ ಮಕ್ಕಳ ತಟ್ಟೆಗೆ ಬರತಕ್ಕದ್ದು. ಸಣ್ಣ ತೋಟದಲ್ಲಿ ಕಣ್ಣೂ ಕೈಯೂ ಇವುಗಳಿಗಿಂತ ದೊಡ್ಡ ಔಷಧಿ ಬೇಕಾಗಿಲ್ಲ. ಬದನೆಯ ಕುಡಿ ಬಾಡಿ ಬಗ್ಗಿದ್ದರೆ ಒಳಗೆ ಕಾಂಡ ಕೊರೆಯುವ ಹುಳುವಿರುವುದು. ಆ ಕುಡಿಯನ್ನು ಒಂದು ಗೇಣು ಕೆಳಗೆ ಕತ್ತರಿಸಿ ಸುಡಬೇಕು. ಬೆಂಡೆಯ ಎಲೆಯಲ್ಲಿ ನರಗಳು ಹಳದಿಯಾಗಿ ಬಲೆಯಂತೆ ಕಂಡರೆ ಅದು ಬಿಳಿನೊಣದಿಂದ ಹರಡುವ ರೋಗ. ಆ ಗಿಡಕ್ಕೆ ಚಿಕಿತ್ಸೆಯಿಲ್ಲವಾದುದರಿಂದ ಒಡನೆಯೇ ಕಿತ್ತು ದೂರ ಹಾಕತಕ್ಕದ್ದು. ಹೇನು, ಎಲೆ ತಿನ್ನುವ ಹುಳುಗಳಿಗೆ ೫೦ ಗ್ರಾಮ್ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ಹಿಂಡಿ ಸೋಸಿ, ಸ್ವಲ್ಪ ಸಾಬೂನು ಕರಗಿಸಿ, ಸಂಜೆಯ ಹೊತ್ತು ಎಲೆಗಳ ಕೆಳಮೈಗೂ ತಾಗುವಂತೆ ಸಿಂಪಡಿಸಬಹುದು.

ಬೀಜ

ಮೊದಲನೆಯ ಸಲ ಬೀಜವನ್ನು ಕೊಂಡರೂ ಎರಡನೆಯ ವರ್ಷಕ್ಕೆ ದಂಟು, ಬೆಂಡೆ, ಬದನೆ, ಅವರೆಗಳ ಬೀಜವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ರೋಗವಿಲ್ಲದೆ ಸಮೃದ್ಧಿಯಾಗಿ ಕಾಯಿ ಬಿಟ್ಟ ಗಿಡವನ್ನು ಮೊದಲೇ ಆರಿಸಿ, ಬಟ್ಟೆಯ ಚೂರು ಕಟ್ಟಿ ಗುರುತಿಟ್ಟು, ಅದರ ಒಂದೆರಡು ಕಾಯಿಗಳನ್ನು ಬಲಿಯುವುದಕ್ಕೆ ಬಿಡಬೇಕು. ತಿಂದು ಮಿಕ್ಕ ಕೊನೆಯ ಕಾಯಿಯನ್ನು ಬೀಜಕ್ಕೆ ಬಿಡುವವರು ವರ್ಷ ವರ್ಷಕ್ಕೂ ಜಾತಿಯನ್ನು ಕೆಡಿಸಿಕೊಳ್ಳುವರು. ಚೆನ್ನಾಗಿ ಒಣಗಿಸಿದ ಬೀಜಕ್ಕೆ ಬೂದಿ ಬೆರಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಬಿತ್ತನೆಯವರೆಗೂ ಕೆಡದು. ಹೈಬ್ರಿಡ್ ಬೀಜದಿಂದ ಬೆಳೆದ ಗಿಡದ ಬೀಜವು ತಾಯಿಯ ಗುಣವನ್ನು ಹಾಗೆಯೇ ಕೊಡುವುದಿಲ್ಲವಾದುದರಿಂದ ಅದನ್ನು ಇಟ್ಟುಕೊಳ್ಳುವುದು ವ್ಯರ್ಥ. ಸ್ವಂತ ಬೀಜದಿಂದ ಬಂದ ಸೋರೆಕಾಯಿಯು ಕಹಿಯಾಗಿದ್ದರೆ ಅದನ್ನು ತಿನ್ನಲೇಕೂಡದು. ಆ ಕಹಿಯು ವಿಷ.

ಉಣ್ಣುವ ಕ್ರಮ

ಬೆಳೆದ ಸೊಪ್ಪಿನ ಪ್ರಯೋಜನವು ಉಣ್ಣುವ ಕ್ರಮದಿಂದಲೂ ಹೆಚ್ಚು ಕಡಿಮೆಯಾಗುವುದು. ಸೊಪ್ಪಿನಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಸುಲಭವಾಗಿ ಹತ್ತತಕ್ಕದ್ದಲ್ಲ. ಬೇಯಿಸಿ ಇಳಿಸಿದ ಮೇಲೆ ನಿಂಬೆಯ ರಸವನ್ನು ಹಿಂಡಿದರೂ, ಊಟದೊಡನೆ ನೆಲ್ಲಿಕಾಯಿ, ಸೀಬೆಹಣ್ಣುಗಳನ್ನು ತಿಂದರೂ ಅದು ಹೆಚ್ಚಾಗಿ ಹತ್ತುವುದು. ಊಟವಾದೊಡನೆ ಕಾಫಿ ಟೀ ಕುಡಿಯುವುದು ಇದಕ್ಕೆ ಅಡ್ಡಿ. ಸೊಪ್ಪನ್ನು ಹೆಚ್ಚುವುದಕ್ಕೆ ಮುಂಚೆ ತೊಳೆಯಬೇಕು; ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಸಿಯಬೇಕು. ಆದರೂ ರಕ್ತಹೀನತೆಯಿಂದ ಸುಸ್ತಾಗಿರುವ ಗರ್ಭಿಣಿಯರೂ ಮಕ್ಕಳೂ ವೈದ್ಯರು ಕೊಡುವ ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ಸೊಪ್ಪನ್ನೇ ನಂಬಿ ಕೂರಕೂಡದು. ಮಾತ್ರೆಯು ಬಂದಿರುವ ಕೊರತೆಯನ್ನು ತುಂಬುವುದು. ಅದು ಮರಳಿ ಬಾರದಂತೆ ನೋಡಿಕೊಳ್ಳುವುದಕ್ಕೆ ತೋಟವು ಸಹಾಯವಾಗುವುದು.

ಗ್ರಾಮದ ಮುಖಂಡರ ಕರ್ತವ್ಯ

ಹಳ್ಳಿಯಲ್ಲಿ ಹೊಸ ಪದ್ಧತಿಯೊಂದು ಬೇರೂರುವುದು ಭಾಷಣದಿಂದಲ್ಲ. ಊರ ಮುಖಂಡನ ಮನೆಯ ಹಿತ್ತಿಲಿನಲ್ಲಿ ಕಂಡುದನ್ನು ನೆರೆಯವರು ತಾವಾಗಿಯೇ ಮಾಡುವರು; ಅವನ ಹಿತ್ತಿಲಿನಲ್ಲಿ ಕಳೆಯೇ ಬೆಳೆದಿದ್ದರೆ ಅವನ ಉಪದೇಶವನ್ನು ಯಾರೂ ಕೇಳರು. ಆದುದರಿಂದ ಪಂಚಾಯತಿಯ ಸದಸ್ಯರೂ, ಊರ ಹಿರಿಯರೂ, ದೊಡ್ಡ ಹಿಡುವಳಿಯ ಜಮೀನುದಾರರೂ ಮೊದಲು ತಂತಮ್ಮ ಮನೆಗಳಲ್ಲಿ ಇದನ್ನು ಪ್ರಾರಂಭಿಸತಕ್ಕದ್ದು. ಒಂದು ಮನೆಯಲ್ಲಿ ಗುರುತಿಟ್ಟು ಬಿಟ್ಟ ನಾಲ್ಕು ಬದನೆಯ ಹಣ್ಣಿನ ಬೀಜವು ಊರಿನ ಮನೆಮನೆಗೂ ಸಸಿಗಳನ್ನು ಒದಗಿಸಬಲ್ಲುದು. ಒಟ್ಟಲಿನಲ್ಲಿ ಮಿಕ್ಕ ಸಸಿಗಳನ್ನು ಎಸೆಯದೆ, ಹಿತ್ತಿಲು ಚಿಕ್ಕದಾಗಿರುವ ಕೂಲಿಗಾರರ ಮನೆಗಳಿಗೂ, ಶಾಲೆಗೂ, ಅಂಗನವಾಡಿಗೂ ಹಂಚುವುದು ಮುಖಂಡರಿಗೆ ಶೋಭಿಸುವ ಕೆಲಸ. ಹಿತ್ತಿಲೇ ಇಲ್ಲದವರಿಗೆ ಹಳೆಯ ಮಂಕರಿಯೊಂದರಲ್ಲಿ ಮೆಂತ್ಯವನ್ನೂ, ಮನೆಯ ಮಾಡಿಗೆ ಹಬ್ಬಿಸಿದ ಬಸಳೆಯನ್ನೂ ತೋರಿಸಿಕೊಡಬಹುದು.

ಮನೆಯ ಯಜಮಾನರು ಗಮನಿಸಬೇಕಾದ ಮಾತು ಇನ್ನೊಂದುಂಟು. ತೋಟದ ಕೆಲಸವೆಲ್ಲವೂ ಮೊದಲೇ ದುಡಿದು ದಣಿದಿರುವ ಹೆಂಗಸರ ಮೇಲೆ ಬೀಳುವಂತಾದರೆ, ಅವರ ಆರೋಗ್ಯಕ್ಕಾಗಿ ಮಾಡಿದ ತೋಟವೇ ಅವರಿಗೆ ಹೊರೆಯಾಗುವುದು. ಅಗೆಯುವುದು, ಗೊಬ್ಬರ ಹೊರುವುದು, ಬೇಲಿ ಕಟ್ಟುವುದು ಗಂಡಸರ ಪಾಲಿಗಿರಲಿ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮನೆಯವರೆಲ್ಲರೂ ಮಕ್ಕಳೊಡನೆ ಕೈಹಾಕಿದರೆ ಮಿಕ್ಕ ಕೆಲಸವು ಆಟದಂತೆ ಮುಗಿಯುವುದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ಹತ್ತಿರದಲ್ಲಿರುವುದನ್ನು ಅಸಡ್ಡೆಮಾಡುವ ಮನುಷ್ಯ ಸ್ವಭಾವವನ್ನು ಕುರಿತು ಹಿರಿಯರು ಆಡಿದ ಮಾತು. ಮೇಲೆ ಹೇಳಿದ ೨೧ ಅಡಿ ಅಗಲ ೧೫ ಅಡಿ ಉದ್ದದ ನೆಲವು ಯಾವ ಜಮೀನುದಾರನಿಗೂ ದೊಡ್ಡದಲ್ಲ. ಈ ಸಲದ ಉತ್ತರೆಯ ಮಳೆಗೆ ಮೊದಲನೆಯ ಮಡಿಯಲ್ಲಿ ಮೊದಲನೆಯ ಪಾಲು ದಂಟಿನ ಬೀಜವು ಬಿದ್ದರೆ, ದೀಪಾವಳಿಯ ವೇಳೆಗೆ ಮನೆಯ ಸೊಪ್ಪಿನ ಸಾರು ಮನೆಯ ತಟ್ಟೆಗೆ ಬರುವುದರಲ್ಲಿ ಸಂದೇಹವಿಲ್ಲ. ಒಂದು ವರ್ಷ ಈ ನಾಲ್ಕು ಮಡಿಗಳನ್ನು ಬರಿದಾಗದಂತೆ ನಡೆಸಿದವರು ಐದನೆಯ ಮಡಿಯನ್ನು ತಾವಾಗಿಯೇ ಅಗೆಯುವರು. ಅದಕ್ಕೆ ಯಾರ ಸೂಚನೆಯೂ ಬೇಕಾಗುವುದಿಲ್ಲ.